ನಾಲ್ಕಕ್ಕೆ ಒಂದು

“ಗುರುಗಳೇ, ಮಾಡಿದ ತಪ್ಪನ್ನು ಯಾರಿಗೂ ಹೇಳದೆ ಸರಿಪಡಿಸಿಬಿಟ್ಟರೆ ಸಾಲದೆ?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಸಿದ್ಧವೀರ. ಮೂವತ್ತೈದು ದಾಟಿದ ಗಂಡಸು. ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಗುರುಗಳು ಜಗಲಿಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

“ಯಾರ ತಪ್ಪು?” ಎಂದರು.

“ಯಾರದೋ. ಸುಮ್ಮನೆ ಒಂದು ಮಾತಿಗೆ ಕೇಳಿದೆ.”

“ಯಾರದೋ ತಪ್ಪಿಗೆ ಯಾರೂ ಮೂರು ದಿನದಿಂದ ತಟ್ಟೆಯಲ್ಲಿ ಅನ್ನ ಕಲಸಿಟ್ಟು ಎದ್ದುಹೋಗುವುದಿಲ್ಲ. ಇರಲಿ, ಹೆಸರು ಬೇಡ. ಕೂತುಕೊ. ಈ ಬುಟ್ಟಿಯಲ್ಲಿ ಅರ್ಧ ನಿನ್ನದು. ಕೈಗೆ ಕೆಲಸವಿದ್ದರೆ ಕಿವಿ ಚೆನ್ನಾಗಿ ಕೇಳುತ್ತದೆ.”

ಸಿದ್ಧವೀರ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ನನ್ನ ಕೈ ನೋಡಬೇಡ, ಅವನು ನಾನಲ್ಲ. ಮಠದ ಜೀಪಿನ ಬಾನೆಟ್ ಎತ್ತಿದ ಮಾತ್ರಕ್ಕೆ ಸನ್ಯಾಸಿ ಪೂರ್ವಾಶ್ರಮದಲ್ಲಿ ಮೆಕ್ಯಾನಿಕ್ ಆಗಿರಬೇಕೆಂದೇನೂ ಇಲ್ಲ.

ಅವನಿಗೆ ಒಬ್ಬ ಗೆಳೆಯ. ಗೆಳೆಯ ಡ್ರೈವರ್. ಸ್ವಂತದ್ದೊಂದು ಹಳೆಯ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ದಿನಾ ಬೆಳಿಗ್ಗೆ ಒಂದೇ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಿದ್ದರು. ಡ್ರೈವರನಿಗೆ ಒಬ್ಬಳೇ ಮಗಳು. ಅವಳು ಮೆಕ್ಯಾನಿಕ್‌ನನ್ನು ಚಿಕ್ಕಪ್ಪ ಎಂದು ಕರೆಯುತ್ತಿದ್ದಳು. ಅವಳ ಮದುವೆಯಲ್ಲಿ ಬಡಿಸಲು ನಿಂತವನು ಅವನೇ.

ಮೆಕ್ಯಾನಿಕ್ ಹಿಂದಿನ ಆಕ್ಸಲ್ ಕೆಲಸಕ್ಕೆ ಎತ್ತಿದ ಕೈ. ಆಕ್ಸಲ್ ಎಂದರೇನೆಂದು ನಿನಗೆ ಹೇಳಬೇಕು. ಉಗ್ರಾಣದವನಿಗೆ ಅಕ್ಕಿ ಬೇಳೆ ಬಿಟ್ಟು ಬೇರೆ ಗೊತ್ತಿರುವುದಿಲ್ಲ.

ಆ ಕಾಲದ ಕಾರಿನಲ್ಲಿ ಎಂಜಿನ್ ಮುಂದೆ ಇರುತ್ತಿತ್ತು. ಕಾರನ್ನು ತಳ್ಳುವ ಚಕ್ರಗಳು ಹಿಂದೆ. ನಡುವೆ ಕಾರಿನ ಹೊಟ್ಟೆಯಡಿ ಒಂದು ಉದ್ದನೆಯ ಶಾಫ್ಟ್. ಶಾಫ್ಟಿನ ತುದಿಯಲ್ಲಿ ಹಲ್ಲಿನ ಸಣ್ಣ ಚಕ್ರ. ಅದು ಆಕ್ಸಲಿನೊಳಗಿನ ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಸಣ್ಣದರಲ್ಲಿ ಎಂಟು ಹಲ್ಲು, ದೊಡ್ಡದರಲ್ಲಿ ನಲವತ್ತೊಂದು ಇದ್ದರೆ ಶಾಫ್ಟ್ ಐದು ಸುತ್ತು ಚಿಲ್ಲರೆ ತಿರುಗಿದಾಗ ಟೈರು ಒಂದು ಸುತ್ತು ಬರುತ್ತದೆ. ಸಣ್ಣದರಲ್ಲಿ ಹತ್ತು ಹಲ್ಲು ಇದ್ದರೆ ನಾಲ್ಕು ಸುತ್ತು ಚಿಲ್ಲರೆಗೇ ಒಂದು ಸುತ್ತು. ಹೊರಗಿನಿಂದ ನೋಡಿದರೆ ಎರಡು ಆಕ್ಸಲೂ ಒಂದೇ. ಒಳಗೆ ಎಣಿಸಿದವನಿಗಷ್ಟೇ ಗೊತ್ತಾಗುವ ವ್ಯತ್ಯಾಸ.

ವೇಗ ತೋರಿಸುವ ಮುಳ್ಳು ಇದೆಯಲ್ಲ, ಅದು ಟೈರನ್ನು ನೋಡುವುದಿಲ್ಲ. ಗೇರ್‌ಬಾಕ್ಸಿನಲ್ಲಿ ಕೂತ ಇನ್ನೊಂದು ಪುಟ್ಟ ಹಲ್ಲಿನ ಚಕ್ರ ಶಾಫ್ಟಿನ ಸುತ್ತನ್ನು ಎಣಿಸಿ ಮುಳ್ಳಿಗೆ ಹೇಳುತ್ತದೆ. ಶಾಫ್ಟ್ ಏನು ಹೇಳುತ್ತದೋ ಮುಳ್ಳು ಅದನ್ನೇ ನಂಬುತ್ತದೆ. ಆಕ್ಸಲ್ ಬದಲಾದರೆ ಮುಳ್ಳಿಗೆ ಅದು ಗೊತ್ತಾಗುವುದಿಲ್ಲ. ತನ್ನ ಪಾಡಿಗೆ ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಿರುತ್ತದೆ.

ಮೆಕ್ಯಾನಿಕ್ ಯಾವ ಆಕ್ಸಲನ್ನೂ ಎಣಿಸದೆ ಮುಟ್ಟುತ್ತಿರಲಿಲ್ಲ. ಹಿಂದಿನ ಒಂದು ಚಕ್ರವನ್ನು ನೆಲದ ಮೇಲೆ ಬಿಟ್ಟು ಇನ್ನೊಂದನ್ನು ಜಾಕ್ ಕೊಟ್ಟು ಎತ್ತುತ್ತಿದ್ದ. ಟೈರಿನ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆಯುತ್ತಿದ್ದ. ಶಾಫ್ಟಿನ ಮೇಲೆ ಒಂದು ಗೆರೆ. ಎತ್ತಿದ ಚಕ್ರವನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತಿದ್ದ. ಒಂದು ಚಕ್ರ ನಿಂತಿರುವಾಗ ಇನ್ನೊಂದರ ಎರಡು ಸುತ್ತು ಎಂದರೆ ಎರಡೂ ಚಕ್ರ ಒಂದೊಂದು ಸುತ್ತು ಬಂದ ಲೆಕ್ಕ. ಅಷ್ಟರಲ್ಲಿ ಶಾಫ್ಟಿನ ಗೆರೆ ಎಷ್ಟು ಸಲ ಕಂಡಿತು ಎಂದು ಎಣಿಸುತ್ತಿದ್ದ. ಇಪ್ಪತ್ತು ವರ್ಷ ಹೀಗೆ ಎಣಿಸಿದ.

ಇಪ್ಪತ್ತು ವರ್ಷ ಎಣಿಸಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎಣಿಸದೆಯೂ ಗೊತ್ತಾಗುತ್ತದೆ ಎಂದು ಅನ್ನಿಸತೊಡಗುತ್ತದೆ.

ಒಂದು ದಿನ ಡ್ರೈವರನ ಕಾರಿನ ಆಕ್ಸಲಿನಲ್ಲಿ ಹಲ್ಲು ಮುರಿಯಿತು. ಮೆಕ್ಯಾನಿಕ್ ಗುಜರಿಯಿಂದ ಇನ್ನೊಂದು ಆಕ್ಸಲ್ ತರಿಸಿದ. ಅಂದು ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಬೇರೆ ಊರಿನಿಂದ ಅವನ ಹೆಸರು ಕೇಳಿ ಬಂದಿದ್ದ ಒಬ್ಬ, “ಇದು ಅದೇ ಅಳತೆಯದು ಅಂತ ಹೇಗೆ ಹೇಳ್ತೀರಿ?” ಎಂದು ಕೇಳಿದ. ಡ್ರೈವರ್ ಪಕ್ಕದಲ್ಲೇ ಇದ್ದ. ಗೆಳೆಯನ ಮೇಲಿನ ಅಭಿಮಾನಕ್ಕೆ ಅವನೇ ಉತ್ತರ ಕೊಟ್ಟ. “ಅವನು ಎಣಿಸೋದೇ ಬೇಡ. ನೋಡಿದ್ರೆ ಸಾಕು. ಅವನ ಕಣ್ಣು ಇವತ್ತಿನವರೆಗೆ ತಪ್ಪಿಲ್ಲ.”

ಇಷ್ಟು ಕೇಳಿದ ಮೇಲೆ ಯಾರು ಸೀಮೆಸುಣ್ಣ ಹುಡುಕುತ್ತಾರೆ? ಮೆಕ್ಯಾನಿಕ್ ಆಕ್ಸಲನ್ನು ಒಮ್ಮೆ ನೋಡಿದ, ತಲೆಯಾಡಿಸಿದ, ಕೂರಿಸಿದ.

ಹಳೆಯದು ಎಂಟು ಹಲ್ಲಿನದು. ಕೂರಿಸಿದ್ದು ಹತ್ತು ಹಲ್ಲಿನದು.

ವಾರದೊಳಗೆ ಡ್ರೈವರನಿಗೆ ಅನುಮಾನ ಬಂತು. ಕಾರು ಮುಳ್ಳು ಹೇಳುವುದಕ್ಕಿಂತ ಜೋರಾಗಿ ಹೋಗುತ್ತಿದೆ ಎನ್ನಿಸಿತು. ಊರಾಚೆ ನೇರ ರಸ್ತೆಯಿದೆ. ಅಲ್ಲಿ ಮುಳ್ಳನ್ನು ನಲವತ್ತಕ್ಕೆ ನಿಲ್ಲಿಸಿ, ಕೈಗಡಿಯಾರ ನೋಡುತ್ತಾ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓಡಿಸಿದ. ನಲವತ್ತರಲ್ಲಿ ಅಷ್ಟು ದೂರಕ್ಕೆ ತೊಂಬತ್ತು ಸೆಕೆಂಡ್ ಹಿಡಿಯಬೇಕು. ಎಪ್ಪತ್ತೆರಡಕ್ಕೇ ಕಲ್ಲು ಬಂತು. ಮೂರು ಸಲ ನೋಡಿದ. ಮೂರು ಸಲವೂ ಎಪ್ಪತ್ತೆರಡು. ಮುಳ್ಳು ನಲವತ್ತು ಎಂದಾಗ ಕಾರು ಐವತ್ತರಲ್ಲಿ ಓಡುತ್ತಿತ್ತು.

ಅವನಿಗೆ ಎಲ್ಲವೂ ತಿಳಿಯಿತು. ನೇರವಾಗಿ ಗೆಳೆಯನ ಅಂಗಡಿಗೆ ಹೋಗಿ ಹೇಳಬಹುದಿತ್ತು. ಹೊರಟೂ ಇದ್ದ. ದಾರಿಯಲ್ಲಿ ಹಳೆಯದೊಂದು ನೆನಪಾಯಿತು. ಹಿಂದೆ ಯಾರೋ ನಾಲ್ಕು ಜನರ ಮುಂದೆ ಮೆಕ್ಯಾನಿಕ್‌ನ ಕೆಲಸದಲ್ಲಿ ತಪ್ಪು ತೋರಿಸಿದ್ದರು. ಅವನು ಎರಡು ದಿನ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಕಾಫಿಗೂ ಬಂದಿರಲಿಲ್ಲ. ಇಷ್ಟಕ್ಕೆ ಅವನ ಮನಸ್ಸು ಯಾಕೆ ನೋಯಿಸಲಿ ಎಂದುಕೊಂಡು ಡ್ರೈವರ್ ಅರ್ಧ ದಾರಿಯಿಂದ ತಿರುಗಿದ. ಗೆಳೆಯನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ.

ನಾಲ್ಕಕ್ಕೆ ಒಂದು ಸೇರಿಸಿಕೊಂಡರೆ ಆಯಿತು. ಮುಳ್ಳು ಇಪ್ಪತ್ತು ಎಂದರೆ ಇಪ್ಪತ್ತೈದು. ನಲವತ್ತು ಎಂದರೆ ಐವತ್ತು. ನಲವತ್ತರಲ್ಲಿ ಹೋಗಬೇಕಾದರೆ ಮುಳ್ಳನ್ನು ಮೂವತ್ತೆರಡಕ್ಕೆ ನಿಲ್ಲಿಸಬೇಕು. ಮೊದಲ ವಾರ ಲೆಕ್ಕ ಹಾಕಿದ. ಆಮೇಲೆ ಲೆಕ್ಕ ಬೇಕಾಗಲಿಲ್ಲ. ಮೂವತ್ತೆರಡು ಕಂಡರೆ ಅವನ ಮನಸ್ಸಿಗೆ ನಲವತ್ತೇ ಕಾಣುತ್ತಿತ್ತು.

ನಿನ್ನ ಮುಖ ನೋಡಿದರೆ ಡ್ರೈವರ್ ಒಳ್ಳೆಯವನು ಎಂದು ಹೇಳುವ ಹಾಗಿದೆ. ಒಳ್ಳೆಯವನೇ. ಕಾಯಿ ಬಿಡಿಸು. ಅಷ್ಟು ದಪ್ಪ ನಾರು ತೆಗೆದರೆ ಪಲ್ಯಕ್ಕೆ ಏನೂ ಉಳಿಯುವುದಿಲ್ಲ.

ನಾಲ್ಕು ತಿಂಗಳು ಕಳೆಯಿತು. ಡ್ರೈವರ್ ಬ್ರೇಕ್ ಕೆಲಸಕ್ಕೆಂದು ಕಾರನ್ನು ಮೆಕ್ಯಾನಿಕ್ ಬಳಿ ಬಿಟ್ಟ. ಮೆಕ್ಯಾನಿಕ್ ಹಿಂದಿನ ಒಂದು ಚಕ್ರ ಎತ್ತಿದ. ಅಂದು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೊಗಳುವವರು ಇಲ್ಲದಿದ್ದಾಗ ಕೈ ತನ್ನ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ. ಟೈರಿಗೆ ಒಂದು ಗೆರೆ, ಶಾಫ್ಟಿಗೆ ಒಂದು ಗೆರೆ ಎಳೆದ. ಎರಡು ಸುತ್ತು ತಿರುಗಿಸಿದ. ಶಾಫ್ಟಿನ ಗೆರೆ ನಾಲ್ಕು ಸಲ ಕಂಡು ಚೂರು ಮುಂದೆ ಹೋಗಿ ನಿಂತಿತು.

ಮತ್ತೆ ತಿರುಗಿಸಿದ. ನಾಲ್ಕೇ.

ಅಂಗಡಿಯ ಹಿಂದೆ ಹಳೆಯ ಆಕ್ಸಲ್ ಬಿದ್ದಿತ್ತು. ಅದನ್ನು ಬಿಚ್ಚಿ, ಗ್ರೀಸ್ ಒರೆಸಿ ಹಲ್ಲು ಎಣಿಸಿದ. ಎಂಟು, ನಲವತ್ತೊಂದು. ನಾಲ್ಕು ತಿಂಗಳಿನಿಂದ ಗೆಳೆಯ ನಲವತ್ತು ಎಂದುಕೊಂಡು ಐವತ್ತರಲ್ಲಿ ಓಡಿಸಿದ್ದಾನೆ, ಅರವತ್ತು ಎಂದುಕೊಂಡು ಎಪ್ಪತ್ತೈದರಲ್ಲಿ ಓಡಿಸಿದ್ದಾನೆ, ತಿರುವುಗಳಲ್ಲಿ, ಜನ ತುಂಬಿಸಿಕೊಂಡು, ಎಂದು ಯೋಚಿಸಿದ. ಅವನನ್ನು ಕೆಟ್ಟವನೆಂದು ತಿಳಿಯಬೇಡ. ಗೆಳೆಯನಿಗಾಗಿ ನಿಜವಾಗಿಯೂ ಹೆದರಿದ.

ಬ್ರೇಕಿನ ಸಾಮಾನು ಸಿಕ್ಕಿಲ್ಲ, ಇನ್ನೊಂದು ದಿನ ಬೇಕು ಎಂದು ಗೆಳೆಯನಿಗೆ ಹೇಳಿಕಳಿಸಿದ. ಬಸ್ಸು ಹತ್ತಿ ದೊಡ್ಡ ಊರಿಗೆ ಹೋದ. ಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಗೇರ್‌ಬಾಕ್ಸಿನೊಳಗೆ ಕೂರುವ ಆ ಪುಟ್ಟ ಚಕ್ರವನ್ನು ಹುಡುಕಿದ. ಹೊಸ ಆಕ್ಸಲಿಗೆ ಸರಿಯಾದ ಹಲ್ಲಿನದು. ಒಂಬತ್ತನೆಯ ಅಂಗಡಿಯಲ್ಲಿ ಸಿಕ್ಕಿತು. ಊಟ ಮಾಡದೆ ವಾಪಸು ಬಂದ. ಅಂದೇ ಕೂರಿಸಿದ. ಗಡಿಯಾರ ಹಿಡಿದು ಅದೇ ನೇರ ರಸ್ತೆಗೆ ಹೋದ. ಮುಳ್ಳನ್ನು ನಲವತ್ತಕ್ಕೆ ನಿಲ್ಲಿಸಿದ. ತೊಂಬತ್ತನೆಯ ಸೆಕೆಂಡಿಗೆ ಕಲ್ಲು ಬಂತು. ಮುಳ್ಳು ನಿಜ ಹೇಳತೊಡಗಿತ್ತು.

ಮಾರನೆಯ ದಿನ ಡ್ರೈವರ್ ಬಂದ. ಮೆಕ್ಯಾನಿಕ್ ಎಲ್ಲವನ್ನೂ ಹೇಳಬೇಕೆಂದೇ ಇದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಬ್ರೇಕ್ ಸರಿಯಾಯ್ತಾ?” ಎಂದು ಗೆಳೆಯ ಕೇಳಿದ.

“ಎಲ್ಲಾ ಸರಿಯಾಗಿದೆ” ಎಂದ ಮೆಕ್ಯಾನಿಕ್.

ಅಷ್ಟೇ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಣಿಸದೆ ಕೂರಿಸಿದೆ ಎಂಬ ಒಂದು ಮಾತನ್ನು ಅವನಿಂದ ಆಡಲಾಗಲಿಲ್ಲ. ಅವನ ಕಣ್ಣು ತಪ್ಪಿಲ್ಲ ಎಂದು ಊರಿಗೆಲ್ಲ ಹೇಳಿದವನ ಎದುರಿಗೇ ಅದನ್ನು ಹೇಗೆ ಆಡುವುದು? ಆಗಬಹುದಾಗಿದ್ದ ಕೇಡು ಆಗಲಿಲ್ಲ, ಇನ್ನು ಆಗುವಂತೆಯೂ ಇಲ್ಲ, ಈಗ ಹೇಳಿ ಅವನನ್ನು ಯಾಕೆ ಹೆದರಿಸಲಿ ಎಂದುಕೊಂಡ. ಅಂದು ಅವನಿಗೆ ಒಳ್ಳೆಯ ನಿದ್ದೆ ಬಂತು.

ಡ್ರೈವರ್ ಕಾರು ತೆಗೆದುಕೊಂಡು ಹೋದ. ಎಂದಿನಂತೆ ನಾಲ್ಕಕ್ಕೆ ಒಂದು ಸೇರಿಸಿಕೊಂಡೇ ಓಡಿಸಿದ. ಕಾರು ಸ್ವಲ್ಪ ಮಂದವಾಗಿದೆ ಎನ್ನಿಸಿತು. ಹೊಸ ಬ್ರೇಕ್ ಹಿಡಿಯುತ್ತಿರಬೇಕು, ನಾಲ್ಕು ದಿನ ಓಡಿದರೆ ಸಡಿಲವಾಗುತ್ತದೆ ಎಂದುಕೊಂಡ.

ನಾಲ್ಕು ದಿನ ಓಡಲಿಲ್ಲ. ಇಲ್ಲಿಂದ ಮುಂದಕ್ಕೆ ಹೇಳುವಾಗ ನನಗೆ ಪ್ರತಿಸಲವೂ ದುಃಖವಾಗುತ್ತದೆ. ನಿನಗೂ ಆಗಲಿ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಮೂರನೆಯ ದಿನ ಬೆಳಿಗ್ಗೆ ಅವಳಿಗೆ ರಕ್ತ ಹೋಗತೊಡಗಿತು. ಊರಿನ ಡಾಕ್ಟರಮ್ಮ ನೋಡಿದರು. ಮಗುವಿನ ಮಾಸು ಕೆಳಗೆ ಗರ್ಭದ ಬಾಯಿಗೆ ಅಡ್ಡವಾಗಿ ಕೂತಿದೆ, ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಎಂದರು. ದೊಡ್ಡಾಸ್ಪತ್ರೆ ನೂರ ಇಪ್ಪತ್ತು ಕಿಲೋಮೀಟರ್ ದೂರ.

“ನಲವತ್ತರ ಮೇಲೆ ಹೋಗಬೇಡಿ. ಕುಲುಕಿದರೆ ರಕ್ತ ಹೆಚ್ಚಾಗತ್ತೆ. ನಲವತ್ತರಲ್ಲೇ ಹೋದರೂ ಮೂರು ಗಂಟೆಯೊಳಗೆ ತಲುಪ್ತೀರಿ. ಅಷ್ಟು ಹೊತ್ತು ಅವಳು ತಡೀತಾಳೆ. ನಾನು ಫೋನ್ ಮಾಡಿ ಎಲ್ಲ ತಯಾರಿಟ್ಟಿರೋಕೆ ಹೇಳ್ತೀನಿ” ಎಂದರು ಡಾಕ್ಟರಮ್ಮ.

ಹತ್ತು ಗಂಟೆಗೆ ಹೊರಟರು. ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದಳು. ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಡ್ರೈವರ್ ಮುಳ್ಳನ್ನು ಮೂವತ್ತೆರಡಕ್ಕೆ ನಿಲ್ಲಿಸಿದ. ಅಲ್ಲಿಂದ ಅಲುಗಲು ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಅಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ. ಒಂದು ಗುಂಡಿಗೂ ಇಳಿಸಲಿಲ್ಲ. ಒಂದು ಸಲವೂ ಹಾರನ್ ಒತ್ತಲಿಲ್ಲ. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ. ಗಡಿಯಾರವನ್ನು ಅವನು ನೋಡಲಿಲ್ಲ. ನೋಡುವ ಅಗತ್ಯವೇ ಕಾಣಲಿಲ್ಲ. ನೂರ ಇಪ್ಪತ್ತನ್ನು ನಲವತ್ತರಿಂದ ಭಾಗಿಸಿದರೆ ಮೂರು.

ಅರ್ಧ ದಾರಿಯಲ್ಲಿ ಹೆಂಡತಿ ಹಿಂದಿನಿಂದ ಕೇಳಿದಳು. “ಏನೂಂದ್ರೆ, ಇನ್ನೊಂಚೂರು ಜೋರಾಗಿ ಹೋಗೋಕಾಗಲ್ವಾ?”

“ಡಾಕ್ಟರಮ್ಮ ಹೇಳಿದ ನಲವತ್ತರಲ್ಲೇ ಇದೀನಿ. ಅವಳ ಒಳ್ಳೇದಕ್ಕೇ ಹೇಳಿದಾರೆ” ಎಂದ ಅವನು.

ಹೆಂಡತಿ ಮಗಳ ತಲೆ ನೇವರಿಸಿದಳು. ಗಂಡನ ಮಾತಿನ ಮೇಲೆ ಅವಳಿಗೆ ಅನುಮಾನ ಬರಲು ಕಾರಣವಿರಲಿಲ್ಲ. ಮುಳ್ಳು ಅವಳಿಗೆ ಕಾಣುತ್ತಿರಲಿಲ್ಲ. ಕಂಡಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ರಸ್ತೆ ಬದಿಯ ಒಂದು ಶಾಲೆಯ ಮುಂದೆ ಹಾದರು. ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದರು. ಡ್ರೈವರ್ ಗಾಬರಿಯಾಗಿ ಕೈಗಡಿಯಾರ ನೋಡಿದ. ಒಂದು ಗಂಟೆ. ಇಷ್ಟು ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿ ಇರಬೇಕಿತ್ತು. ಎದುರಿಗೆ ಕಿಲೋಮೀಟರ್ ಕಲ್ಲು. ಇನ್ನೂ ಇಪ್ಪತ್ತನಾಲ್ಕು.

ಅವನಿಗೆ ಏನೂ ಅರ್ಥವಾಗಲಿಲ್ಲ. ಗಡಿಯಾರವನ್ನು ಕಿವಿಗಿಟ್ಟು ನೋಡಿದ. ನಡೆಯುತ್ತಿತ್ತು. ಆಕ್ಸಿಲರೇಟರ್ ತುಳಿದ. ಕಾರು ಕುಲುಕಿತು. ಮಗಳು ಕೂಗಿಕೊಂಡಳು. ಕಾಲು ತೆಗೆದ. ಮತ್ತೆ ಮುಳ್ಳನ್ನು ಮೂವತ್ತೆರಡಕ್ಕೇ ತಂದು ನಿಲ್ಲಿಸಿದ. ಅದು ನಲವತ್ತು ಎಂದೇ ಆಗಲೂ ನಂಬಿದ್ದ.

ಒಂದು ಮುಕ್ಕಾಲಿಗೆ ತಲುಪಿದರು. ನರ್ಸ್ ಓಡಿ ಬಂದಳು. ಸ್ಟ್ರೆಚರ್ ತಳ್ಳುತ್ತಾ, “ಒಂದು ಗಂಟೆಯಿಂದ ಎಲ್ಲ ತಯಾರಿಟ್ಟುಕೊಂಡು ಕಾಯ್ತಾ ಇದ್ವಿ” ಎಂದಳು. ಅವಳು ದೂರಲೆಂದು ಹೇಳಿದ್ದಲ್ಲ.

ಮಗು ಉಳಿಯಿತು. ಮಗಳು ಸಂಜೆಯವರೆಗೆ ಇದ್ದಳು.

ಸಿದ್ಧವೀರನ ಕೈ ನಿಂತಿತ್ತು. ಈ ಸಲ ಗುರುಗಳು ಅವನನ್ನು ಗದರದೆ ಕತೆ ಮುಂದುವರಿಸಿದರು.

ಕರ್ಮಾಂತರವೆಲ್ಲ ಮುಗಿದ ಮೇಲೆ ಡ್ರೈವರ್ ಕಾರು ತೆಗೆದುಕೊಂಡು ಮೆಕ್ಯಾನಿಕ್‌ನ ಅಂಗಡಿಗೆ ಬಂದ. ಅಷ್ಟು ದಿನವೂ ಮೆಕ್ಯಾನಿಕ್ ಅವನ ಮನೆಯಲ್ಲೇ ಇದ್ದ. ಹೆಣಕ್ಕೆ ಹೆಗಲು ಕೊಟ್ಟಿದ್ದ. ನೀರು ಸೇದಿದ್ದ, ಬಂದವರಿಗೆ ಚಾಪೆ ಹಾಸಿದ್ದ. ಮಗಳು ಹೋದದ್ದು ಹಣೆಬರಹ ಎಂದು ಎಲ್ಲರಂತೆ ಅವನೂ ಅತ್ತಿದ್ದ. ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ಡ್ರೈವರ್ ಸ್ಟೂಲಿನ ಮೇಲೆ ಕೂತ. ತಲೆ ತಗ್ಗಿಸಿ ಹೇಳಿದ.

“ನೀನು ಬೇಜಾರು ಮಾಡ್ಕೋಬೇಡ. ನೀನು ಆಕ್ಸಲ್ ಹಾಕಿದ ಮೇಲೆ ಮುಳ್ಳು ಕಮ್ಮಿ ತೋರಿಸ್ತಿತ್ತು ಕಣೋ. ಕಲ್ಲಿಂದ ಕಲ್ಲಿಗೆ ಓಡಿಸಿ ನೋಡಿದೀನಿ. ನಿನಗೆ ಹೇಳಿದ್ರೆ ಕೊರಗ್ತೀಯ ಅಂತ ಹೇಳಲಿಲ್ಲ. ನಾಲ್ಕಕ್ಕೆ ಒಂದು ಸೇರಿಸ್ಕೊಂಡು ಓಡಿಸ್ತಿದ್ದೆ. ಅವತ್ತೂ ಹಾಗೇ ಓಡಿಸ್ದೆ. ಮೂವತ್ತೆರಡರಿಂದ ಒಂದು ಕೂದಲೆಳೆ ಆಚೀಚೆ ಬಿಡಲಿಲ್ಲ. ಸರಿಯಾಗಿ ನಲವತ್ತು. ಆದ್ರೂ ಮುಕ್ಕಾಲು ಗಂಟೆ ತಡ ಆಯ್ತು. ಆ ಮುಕ್ಕಾಲು ಗಂಟೆ ಎಲ್ಲಿ ಹೋಯ್ತು ಅಂತ ನನಗೆ ತಿಳೀತಿಲ್ಲ. ನಾನೇ ಲೆಕ್ಕ ತಪ್ಪಿದ್ನಾ? ಇಲ್ಲಾ ಬ್ರೇಕ್ ಹಿಡೀತಿತ್ತಾ? ನೀನು ಒಂದ್ಸಲ ಎಣಿಸಿ ಹೇಳು. ನನ್ನ ಮಗಳು ನನ್ನಿಂದ ಹೋದಳಾ ಅನ್ನೋದು ಗೊತ್ತಾಗ್ಬೇಕು.”

ನೋಡು ಸಿದ್ಧವೀರ, ತಪ್ಪಿಸಿಕೊಳ್ಳುವ ದಾರಿಯನ್ನೂ ಅವನೇ ಕೈಗೆ ಕೊಟ್ಟಿದ್ದ. ಬ್ರೇಕ್ ಹಿಡಿಯುತ್ತಿತ್ತು ಎಂದರೆ ಸಾಕಿತ್ತು. ಡ್ರೈವರ್ ನಂಬುತ್ತಿದ್ದ. ಗೆಳೆಯನ ಆ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ.

ಮೆಕ್ಯಾನಿಕ್ ಹಾಗೆನ್ನಲಿಲ್ಲ. ಜಾಕ್ ತಂದು ಒಂದು ಚಕ್ರ ಎತ್ತಿದ. ಗೆರೆ ಎಳೆದ. ಎರಡು ಸುತ್ತು ತಿರುಗಿಸಿದ. ನಾಲ್ಕು ಸಲ ಗೆರೆ ಕಂಡಿತು. ಡ್ರೈವರ್ ಬಗ್ಗಿ ಕೂತು ತಾನೂ ಎಣಿಸಿದ. “ನಾಲ್ಕೇ. ನನ್ನ ಲೆಕ್ಕ ಸರಿಯಿತ್ತಲ್ಲ” ಎಂದ. ಆಗ ಅವನ ಮುಖದಲ್ಲಿ ಒಂದು ಗಳಿಗೆ ನೆಮ್ಮದಿ ಕಂಡಿತು. ಮೆಕ್ಯಾನಿಕ್ ಕಾರಿನಡಿಗೆ ಮಲಗಿ ಗೇರ್‌ಬಾಕ್ಸಿನಿಂದ ಕೇಬಲ್ ಬಿಚ್ಚಿದ. ಒಳಗಿನ ಪುಟ್ಟ ಚಕ್ರವನ್ನು ಹೊರತೆಗೆದ. ಎಣ್ಣೆ ಒರೆಸಿ ಗೆಳೆಯನ ಅಂಗೈ ಮೇಲೆ ಇಟ್ಟ.

ಇಡೀ ಕಾರೇ ಸವೆದಿತ್ತು. ಆ ಚಕ್ರದ ಒಂದು ಹಲ್ಲೂ ಸವೆದಿರಲಿಲ್ಲ.

ಮೂವತ್ತು ವರ್ಷ ಕಾರು ಓಡಿಸಿದವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಯಾವತ್ತು ಹಾಕಿದೆ?” ಎಂದು ಕೇಳಿದ.

“ಬ್ರೇಕ್ ಕೆಲಸಕ್ಕೆ ಬಿಟ್ಟಿದ್ಯಲ್ಲ, ಆಗ” ಎಂದ ಮೆಕ್ಯಾನಿಕ್.

ಡ್ರೈವರ್ ಆ ಚಕ್ರವನ್ನು ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಿದ. ಒಂದೊಂದೇ ಹಲ್ಲು ಮುಟ್ಟಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಮೆಕ್ಯಾನಿಕ್ ಬದುಕುತ್ತಿದ್ದ.

“ಕೆಲಸ ಸರಿಯಾಗೇ ಮಾಡಿದೀಯ” ಎಂದ. ಆಮೇಲೆ, “ನಾನೂ ಹೇಳಲಿಲ್ಲವಲ್ಲ” ಎಂದ.

ಚಕ್ರವನ್ನು ಸ್ಟೂಲಿನ ಮೇಲೆ ಇಟ್ಟ. ಕೀಲಿಕೈಯನ್ನು ಅದರ ಪಕ್ಕದಲ್ಲಿಟ್ಟ. ನಡೆದುಕೊಂಡು ಮನೆಗೆ ಹೋದ. ಆಮೇಲೆ ಅವನು ಯಾವ ಕಾರನ್ನೂ ಓಡಿಸಲಿಲ್ಲ. ಇಬ್ಬರೂ ಜಗಳವಾಡಲಿಲ್ಲ. ಬೀದಿಯಲ್ಲಿ ಎದುರಾದರೆ ಮಾತಾಡುತ್ತಿದ್ದರು. ಕಾಫಿಗೆ ಮಾತ್ರ ಇಬ್ಬರೂ ಹೋಗಲಿಲ್ಲ. ಮೆಕ್ಯಾನಿಕ್ ಅಂಗಡಿ ಮುಚ್ಚಿದ. ಕೊನೆಗಾಲದಲ್ಲಿ ಎರಡು ವರ್ಷ ಈ ಮಠದ ದಾಸೋಹದಲ್ಲಿ ಪಾತ್ರೆ ತೊಳೆದ. ಕತೆ ಅವನೇ ಹೇಳಿದ್ದು. ಆಕ್ಸಲ್ ಎಣಿಸುವುದು ನನಗೆ ಕಲಿಸಿದವನೂ ಅವನೇ.

ಗುರುಗಳು ಕತೆ ಮುಗಿಸಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಸಿದ್ಧವೀರ ನೆಲ ನೋಡುತ್ತಾ ತಾನೇ ಬಾಯಿ ಬಿಟ್ಟ.

“ನಮ್ಮ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ನನಗೆ ಆಗ ಹದಿನೈದು. ಅಕ್ಕ ಹೋದರೆ ನನಗೆ ಯಾರು ಎಂದು ಭಯವಾಯಿತು. ಹುಡುಗಿಗೆ ಮೂರ್ಛೆ ಬರುತ್ತದೆ ಎಂದು ಹೆಸರು ಹಾಕದೆ ಗಂಡಿನ ಮನೆಗೆ ಕಾಗದ ಬರೆದೆ. ಅವರು ಕಾರಣ ಹೇಳದೆ ಹಿಂದೆ ಸರಿದರು. ಸುದ್ದಿ ಹೇಗೋ ಹಬ್ಬಿತು, ಅಕ್ಕನ ಕಿವಿಗೆ ಮಾತ್ರ ಬೀಳಲಿಲ್ಲ. ಇನ್ನೆರಡು ಕಡೆಯವರೂ ಬಂದು ನೋಡಿ ಸುಮ್ಮನಾದರು.”

ಸಿದ್ಧವೀರ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದ.

“ಹೋದ ತಿಂಗಳು ನಾನೇ ಆ ಗಂಡಿನ ಕಡೆಯವರ ಊರುಗಳಿಗೆ ಹೋಗಿ ಬಂದೆ ಗುರುಗಳೇ. ಅದು ಸುಳ್ಳು, ಬರೆದವನು ನಾನೇ ಎಂದು ಮನೆಮನೆಗೆ ಹೇಳಿ ಕಾಲಿಗೆ ಬಿದ್ದೆ. ಈಗ ಅಕ್ಕನ ಬಗ್ಗೆ ಒಂದು ಕೆಟ್ಟ ಮಾತೂ ಆಡುವವರಿಲ್ಲ. ಹೆಂಡತಿ ತೀರಿಕೊಂಡ ಒಬ್ಬ ಮೇಷ್ಟ್ರು ಅವಳನ್ನು ಮದುವೆಯಾಗಲು ಸಿದ್ಧವಾಗಿದ್ದಾರೆ. ಎಲ್ಲವನ್ನೂ ಸರಿಪಡಿಸಿದ್ದೇನೆ. ಆದರೆ ಅಕ್ಕನೇ ಒಪ್ಪುತ್ತಿಲ್ಲ. ‘ಬಂದವರಿಗೆಲ್ಲ ನನ್ನಲ್ಲಿ ಏನೋ ಕಾಣುತ್ತದೆ, ಇವರಿಗೂ ನಾಳೆ ಕಾಣುತ್ತದೆ, ಬೇಡ ಬಿಡೋ’ ಎನ್ನುತ್ತಾಳೆ. ಯಾರ ಮದುವೆಗೆ ಹೋದರೂ ಚಪ್ಪರದೊಳಗೆ ಬರುವುದಿಲ್ಲ. ಅಡುಗೆಯವರ ಹತ್ತಿರ ತರಕಾರಿ ಹೆಚ್ಚುತ್ತಾ ಕೂರುತ್ತಾಳೆ. ಕಾಗದ ಬರೆದವನು ನಾನು ಎಂದು ಅವಳೊಬ್ಬಳಿಗೆ ಮಾತ್ರ ಹೇಳಿಲ್ಲ. ಆ ಊರುಗಳಿಗೆಲ್ಲ ಸತ್ಯ ಗೊತ್ತಾದ ಮೇಲೆ ಇನ್ನು ಅವಳಿಗೆ ಹೇಳಿ ನೋಯಿಸಲೇಬೇಕೆ?”

ಗುರುಗಳು ಅವನ ಮುಖ ನೋಡಿ ಹೇಳಿದರು.

“ನಿನ್ನ ಅಕ್ಕ ಇನ್ನೂ ಮೂವತ್ತೆರಡರಲ್ಲೇ ಹೋಗುತ್ತಿದ್ದಾಳೆ.”